ವ್ಯಾಕರಣ ಶುದ್ಧಿ ಮತ್ತು ಜನಪದ ಪಠ್ಯ: ಕಲಬುರಗಿ ಸೀಮೆಯ ಹಾಡುಗಳ ಹಿನ್ನೆಲೆಯಲ್ಲಿ

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಅಂಗಳವು ಹಲವು ಕನ್ನಡಗಳು ಒಂದೆಡೆ ಸೇರುವ ತಾಣ. ಹೋಳಿ ಹುಣ್ಣಿಮೆಯ ನಂತರದ ಐದನೆಯ ದಿನ ನಡೆಯುವ ರಥೋತ್ಸವಕ್ಕೆ ಜೇವರ್ಗಿ, ಅಫಜಲಪುರ, ಆಳಂದ, ಚಿಂಚೋಳಿ, ಕಮಲಾಪುರ ಕಡೆಯ ಭಕ್ತರಲ್ಲದೆ ಮಹಾರಾಷ್ಟ್ರದ ಸೊಲ್ಲಾಪುರ ಸೀಮೆಯಿಂದಲೂ ತೆಲಂಗಾಣದ ಗಡಿಯೂರುಗಳಿಂದಲೂ ಜನ ಬರುತ್ತಾರೆ. ಶ್ರಾವಣದಲ್ಲಿ ಸುತ್ತಣ ಹಳ್ಳಿಗಳ ಭಜನಾ ಮೇಳಗಳು ಇಲ್ಲಿ ಹಾಡುತ್ತವೆ. ಜಾತ್ರೆಯ ಅಂಗಡಿಗಳಲ್ಲಿ ಭಜನೆ ಪದಗಳ ಕಿರುಹೊತ್ತಿಗೆಗಳು ಮಾರಾಟಕ್ಕಿರುತ್ತವೆ. ಒಳಗೆ ಹಾಡುವ ಪದ, ಹೊರಗೆ ಅಚ್ಚಾಗಿರುವ ಪದ ಎಷ್ಟೋ ವೇಳೆ ಒಂದೇ ಆಗಿದ್ದರೂ ಅವುಗಳ ಕನ್ನಡ ಒಂದೇ ಅಲ್ಲ. ಹಾಡುವವರ ‘ಊರಾಗ’ ಎಂಬುದು ಅಚ್ಚಿನಲ್ಲಿ ‘ಊರಿನಲ್ಲಿ’ ಎಂದಾಗಿರುತ್ತದೆ; ‘ಅದ’ ಎಂಬುದು ‘ಇದೆ’ ಎಂದಾಗಿರುತ್ತದೆ. ಈ ವ್ಯತ್ಯಾಸವನ್ನು ಮುದ್ರಣದ ಸಹಜ ಪರಿಣಾಮವೆಂದು ಕೈಬಿಡುವುದೇ ರೂಢಿ. ಆದರೆ ಹಾಗೆ ಬದಲಾದ ಪಠ್ಯವನ್ನೇ ಸಂಶೋಧಕರು ಮುಂದೆ ಆಕರವಾಗಿ ಬಳಸುತ್ತಾರೆ. ಅದರ ಮೇಲೆ ಭಾಷೆ, ಛಂದಸ್ಸು, ಭಕ್ತಿಸ್ವರೂಪಗಳ ಕುರಿತ ತೀರ್ಮಾನಗಳನ್ನು ಕಟ್ಟುತ್ತಾರೆ. ಆದುದರಿಂದ ತಿದ್ದುಪಡಿಯು ಏನನ್ನು ತಿದ್ದುತ್ತದೆ, ಹಾಡುವವರಿಗೂ ಕೇಳುವವರಿಗೂ ನಡುವಿನ ಸಂವಹನವನ್ನು ಎಲ್ಲಿ ಕಡಿಯುತ್ತದೆ ಎಂಬುದನ್ನು ಪರಿಶೀಲಿಸುವ ಅಗತ್ಯವಿದೆ.

ಈ ಸೀಮೆಯ ಕನ್ನಡಕ್ಕೆ ‘ಅಶುದ್ಧ’ವೆಂಬ ಹಣೆಪಟ್ಟಿ ಅಂಟಿದ ಚರಿತ್ರೆ ಬಹಳ ಹಳೆಯದಲ್ಲ. 9ನೆಯ ಶತಮಾನದ ‘ಕವಿರಾಜಮಾರ್ಗ’ ರಾಷ್ಟ್ರಕೂಟರ ಮಾನ್ಯಖೇಟದ ಆಸ್ಥಾನದಲ್ಲಿ ಹುಟ್ಟಿದ ಕೃತಿ. ಆ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಕನ್ನಡದ ತಿರುಳು ಎಲ್ಲಿದೆ ಎಂಬುದನ್ನು ಹೇಳುವಾಗ ಆ ಕೃತಿ ಹೆಸರಿಸುವ ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳೆಲ್ಲವೂ ಉತ್ತರದವು. ಅಂದರೆ ಭಾಷೆಯ ಪ್ರಮಾಣವು ಅಧಿಕಾರ ಕೇಂದ್ರದ ಜೊತೆಗೆ ಊರಿಂದೂರಿಗೆ ಹೋಗುತ್ತದೆಯೇ ಹೊರತು ಯಾವೊಂದು ಪ್ರದೇಶದ ನಾಲಿಗೆಗೂ ಶಾಶ್ವತವಾಗಿ ಅಂಟಿಕೊಂಡಿರುವುದಿಲ್ಲ. ಹೈದರಾಬಾದ್ ಸಂಸ್ಥಾನದ ಕಾಲಕ್ಕೆ ಆಡಳಿತದ ಭಾಷೆ ಉರ್ದು ಆಗಿತ್ತು; 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ ಇತ್ತು. ಕನ್ನಡವು ಮನೆ, ಹೊಲ, ಮಠಗಳ ಭಾಷೆಯಾಗಿ ಉಳಿಯಿತು. ಅಂಥ ದಿನಗಳಲ್ಲಿ, 1907ರಲ್ಲಿ, ಕಲಬುರಗಿಯಲ್ಲಿ ನೂತನ ವಿದ್ಯಾಲಯ ಆರಂಭವಾಯಿತು. 1934ರಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಈ ಸಂಸ್ಥೆಗಳು ಮಾಡಿದ ಉಪಕಾರ ದೊಡ್ಡದು. 1948ರ ವಿಮೋಚನೆ, 1956ರ ಏಕೀಕರಣಗಳ ನಂತರ ಶಾಲೆ, ಕಚೇರಿಗಳಿಗೆ ಕನ್ನಡ ಬಂದಿತು; ಆದರೆ ಬಂದ ಕನ್ನಡ ಪಠ್ಯಪುಸ್ತಕದ ಕನ್ನಡ. ಹೀಗೆ ಒಮ್ಮೆ ಉರ್ದುವಿನ ಎದುರು ಕೀಳಾಗಿದ್ದ ಮಾತು ಇನ್ನೊಮ್ಮೆ ಕನ್ನಡದ ಎದುರೇ ಕೀಳಾಯಿತು. ಮೊದಲನೆಯ ಅವಮಾನವನ್ನು ಚರಿತ್ರಕಾರರು ದಾಖಲಿಸಿದ್ದಾರೆ. ಎರಡನೆಯದಕ್ಕೆ ದಾಖಲೆ ಕಡಿಮೆ, ಏಕೆಂದರೆ ಅದನ್ನು ಯಾರೂ ಅವಮಾನವೆಂದು ಎಣಿಸಲಿಲ್ಲ, ಸುಧಾರಣೆ ಎಂದರು.

ತಿದ್ದುಪಡಿಗಳೆಲ್ಲವೂ ಒಂದೇ ತೂಕದವಲ್ಲ. ಪದಾಂತ್ಯದ ಎಕಾರ ಇಕಾರವಾಗುವುದು ಈ ಭಾಗದ ಮಾತಿನ ಸಾಮಾನ್ಯ ಲಕ್ಷಣ: ಮನೆ ‘ಮನಿ’ಯಾಗುತ್ತದೆ, ತಲೆ ‘ತಲಿ’ಯಾಗುತ್ತದೆ. ಕಮಲಾಪುರದ ರೈತನ ಬಾಯಲ್ಲಿ ಕೆಂಪು ‘ಬಾಳಿ’ಯಾಗಿರುವ ಹಣ್ಣು ಭೌಗೋಳಿಕ ಸೂಚಿಕೆಯ ಕಾಗದಪತ್ರಗಳಲ್ಲಿ ಬಾಳೆಯಾದರೆ ಹಣ್ಣಿಗೂ ರೈತನಿಗೂ ನಷ್ಟವಿಲ್ಲ. ಧ್ವನಿಮಟ್ಟದ ಇಂಥ ಬದಲಾವಣೆಗಳಲ್ಲಿ ಅರ್ಥ ಹೆಚ್ಚಾಗಿ ಉಳಿಯುತ್ತದೆ. ಕಾಲ, ಸಂಬಂಧ, ಗೌರವಗಳನ್ನು ಹೊತ್ತ ರೂಪಗಳ ಸಂಗತಿ ಬೇರೆ.

‘ಊರಾಗ’, ‘ಮನ್ಯಾಗ’ ಎಂಬ ರೂಪಗಳನ್ನು ನೋಡಬಹುದು. ಇವು ಊರೊಳಗೆ, ಮನೆಯೊಳಗೆ ಎಂಬವುಗಳಿಂದ ಬಂದವು. ಕೇಶಿರಾಜ 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ದಲ್ಲಿ ಸಪ್ತಮಿಗೆ ಹೇಳಿದ ಪ್ರತ್ಯಯ ‘ಒಳ್’. ವ್ಯಾಕರಣದ ಹೆಸರಿನಲ್ಲಿ ‘ಊರಾಗ’ವನ್ನು ‘ಊರಿನಲ್ಲಿ’ ಎಂದು ತಿದ್ದುವವರು ಕನ್ನಡದ ಹಿರಿಯ ವೈಯಾಕರಣನಿಗೆ ಹತ್ತಿರವಿರುವ ರೂಪವನ್ನೇ ಹೊಡೆದುಹಾಕುತ್ತಾರೆ. ‘ಬರ್ಲಾಕತ್ತಾನ’ ಎಂಬುದರ ಸ್ಥಿತಿಯೂ ಹೀಗೆಯೇ. ಬರಲಿಕ್ಕೆ ಹತ್ತಿದ್ದಾನೆ ಎಂಬ ಈ ಮಾತಿನ ಮೊದಲ ಭಾಗ ಹಳಗನ್ನಡದ ‘ಬರಲ್ಕೆ’ಯ ಜಾಡಿನಲ್ಲಿದೆ, ‘ಹತ್ತು’ ಎಂಬುದು ಕ್ರಿಯೆ ಮೊದಲಾಗಿ ಸಾಗಿರುವುದನ್ನು ಹೇಳುತ್ತದೆ. ‘ಬರುತ್ತಿದ್ದಾನೆ’ ಎಂದು ಬದಲಿಸಿದರೆ ಸಾಗಿರುವುದು ಉಳಿಯುತ್ತದೆ, ಮೊದಲಾದ ಗಳಿಗೆಯ ನೆನಪು ಹೋಗುತ್ತದೆ.

ಇನ್ನೂ ಗಂಭೀರವಾದುದು ‘ಬಂದಾನ’ ಎಂಬ ರೂಪ. ಕಲಬುರಗಿ ಸೀಮೆಯಲ್ಲಿ ಇದರ ಅರ್ಥ ಬಂದಿದ್ದಾನೆ ಎಂದು. ಬಂದಾಯಿತು, ಎದುರಿಗಿದ್ದಾನೆ. ಹಳೆಯ ಮೈಸೂರಿನ ಕಿವಿಗೆ ಇದು ಸಂಭಾವನಾರ್ಥದ ‘ಬಂದಾನು’ ಎಂಬುದರ ಅಪಭ್ರಂಶದಂತೆ ಕೇಳಿಸುತ್ತದೆ. ಶರಣ ಬಂದಾನ ಎಂದು ಮೇಳದವರು ತೇರಿನ ಮುಂದೆ ಹಾಡುವಾಗ ಅದು ಸಾಕ್ಷಾತ್ಕಾರದ ಮಾತು. ‘ಬಂದಾನು’ ಎಂದು ತಿದ್ದಿದರೆ ಅದೇ ಮಾತು ಬಂದರೂ ಬರಬಹುದೆಂಬ ಅನುಮಾನವಾಗುತ್ತದೆ. ಒಂದು ಉಕಾರವನ್ನು ಸೇರಿಸಿ ಭಕ್ತನ ನಿಶ್ಚಯವನ್ನು ಸಂದೇಹಕ್ಕೆ ತಿರುಗಿಸಿದಂತಾಯಿತು. ಇಲ್ಲಿ ವ್ಯಾಕರಣ ತಪ್ಪಿದ್ದು ಹಾಡಿದವರದಲ್ಲ, ತಿದ್ದಿದವರದು. ಅವರು ಒಂದು ವ್ಯಾಕರಣವನ್ನು ಬಲ್ಲವರಾಗಿದ್ದು ಇನ್ನೊಂದು ವ್ಯಾಕರಣವಿದೆಯೆಂದು ಅರಿಯದವರು. ಯು.ಪಿ. ಉಪಾಧ್ಯಾಯರು ಬಳ್ಳಾರಿ, ಗುಲಬರ್ಗಾ, ಕುಮಟಾ, ನಂಜನಗೂಡು ಉಪಭಾಷೆಗಳ ತೌಲನಿಕ ಅಧ್ಯಯನವನ್ನು 1976ರಷ್ಟು ಹಿಂದೆಯೇ ಪ್ರಕಟಿಸಿದ್ದಾರೆ. ಉಪಭಾಷೆಗೆ ತನ್ನದೇ ನಿಯಮಗಳಿವೆ ಎಂಬುದು ಭಾಷಾಶಾಸ್ತ್ರದ ತರಗತಿಯಲ್ಲಿ ಇಂದು ಮೊದಲ ಪಾಠ. ಜಾನಪದ ಸಂಪಾದನೆಯ ಮೇಜಿನವರೆಗೆ ಅದು ಬಂದಿದೆಯೇ ಎಂಬುದು ಪ್ರಶ್ನೆ.

ಗೌರವವಾಚಕದ ತಿದ್ದುಪಡಿಯೂ ಇದೇ ಬಗೆಯದು. ಜನಪದರು ದೇವರನ್ನೂ ಶರಣರನ್ನೂ ಏಕವಚನದಲ್ಲಿ ಕರೆಯುತ್ತಾರೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ದಾಸೋಹ ನಡೆಸಿದ ಶರಣಬಸವೇಶ್ವರರು (1746-1822) ಹಾಡಿನಲ್ಲಿ ‘ಶರಣ’, ‘ಬಸವ’, ‘ನಮ್ಮಪ್ಪ’ ಆಗುತ್ತಾರೆ; ಅವನು ಬರುತ್ತಾನೆ, ಉಣಿಸುತ್ತಾನೆ. ಅಚ್ಚಿನಲ್ಲಿ ಅವರು ಆಗಮಿಸುತ್ತಾರೆ. ಬಹುವಚನ ಬಂದೊಡನೆ ಮನೆಯ ಹಿರಿಯನಂತಿದ್ದವನು ಸಭೆಯ ಅಧ್ಯಕ್ಷನಂತಾಗುತ್ತಾನೆ. ಗೌರವ ಹೆಚ್ಚಿತೆಂದು ಸಂಪಾದಕರು ಭಾವಿಸಬಹುದು. ಹಾಡಿನ ಲೋಕದಲ್ಲಿ ಏಕವಚನವೇ ಗೌರವದ ಅತ್ಯುನ್ನತ ರೂಪವೆಂಬುದನ್ನು ಅವರು ಗಮನಿಸಿದಂತಿಲ್ಲ. ಇದೇ ನಾಡಿನಲ್ಲಿ ವಚನಕಾರರು ಶಿವನನ್ನು ನೀನು ಎಂದದ್ದನ್ನು ಯಾರೂ ತಿದ್ದುವುದಿಲ್ಲ. ವಚನಕ್ಕಿರುವ ಆ ರಕ್ಷಣೆ ಬೀಸುವ ಪದಕ್ಕಿಲ್ಲ.

ಛಂದಸ್ಸಿನ ವಿಚಾರವನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ, ಏಕೆಂದರೆ ತಿದ್ದುಪಡಿಯ ಹೆಜ್ಜೆಗುರುತು ಸ್ಪಷ್ಟವಾಗಿ ಕಾಣುವುದು ಅಲ್ಲಿಯೇ. ತ್ರಿಪದಿಗೆ ಹನ್ನೊಂದು ಅಂಶಗಣಗಳು. ಆರು ಮತ್ತು ಹತ್ತನೆಯ ಸ್ಥಾನಗಳಲ್ಲಿ ಬ್ರಹ್ಮಗಣ, ಉಳಿದೆಡೆ ವಿಷ್ಣುಗಣ. ಗಣದ ಆದಿಯಲ್ಲಿ ಒಂದು ಗುರು ಅಥವಾ ಎರಡು ಲಘುಗಳು ಸೇರಿ ಒಂದು ಅಂಶವಾಗುತ್ತವೆ. ಮುಂದಿನ ಅಕ್ಷರಗಳು ಲಘುವಾಗಲಿ ಗುರುವಾಗಲಿ ಒಂದೊಂದು ಅಂಶ. ಈ ಲೆಕ್ಕದಲ್ಲಿ ‘ಊರಾಗ’ ಮೂರು ಅಂಶಗಳ ವಿಷ್ಣುಗಣ. ‘ಊರಿನಲ್ಲಿ’ ನಾಲ್ಕು ಅಂಶಗಳ ರುದ್ರಗಣ. ‘ಬರತಾನ’ ಎಂಬುದು ವಿಷ್ಣುಗಣ. ‘ಬರುತ್ತಾನೆ’ ಎಂಬುದಾದರೋ ಲಘುವಿನ ಮುಂದೆ ಗುರು ಬಂದು ಆರಂಭವಾಗುವುದರಿಂದ ಅಂಶಗಣದ ಆದಿಯಲ್ಲಿ ನಿಲ್ಲಲಾರದು. ಗ್ರಾಂಥಿಕ ಕನ್ನಡದ ಅತಿ ಸಾಮಾನ್ಯವಾದ ಕ್ರಿಯಾಪದವೊಂದಕ್ಕೆ ತ್ರಿಪದಿಯ ಹೊಸ್ತಿಲಲ್ಲಿಯೇ ಪ್ರವೇಶವಿಲ್ಲ! ಹಾಗೆಂದು ಪ್ರತಿ ತಿದ್ದುಪಡಿಯೂ ಗಣವನ್ನು ಕೆಡಿಸುತ್ತದೆ ಎನ್ನಲಾಗದು. ‘ಊರಲ್ಲಿ’, ‘ಮನೆಯಲ್ಲಿ’ ಎಂಬವು ವಿಷ್ಣುಗಣವಾಗಿಯೇ ಉಳಿಯುತ್ತವೆ. ಜಾಣ ಸಂಪಾದಕರು ಛಂದಸ್ಸನ್ನು ಉಳಿಸಿಕೊಂಡೇ ತಿದ್ದಿರುವುದುಂಟು; ಅಂಥ ತಿದ್ದುಪಡಿಯನ್ನು ಕಂಡುಹಿಡಿಯುವುದು ಮುಂದಿನ ಸಂಶೋಧಕರಿಗೆ ಇನ್ನಷ್ಟು ಕಷ್ಟ. ಗಣ ತಪ್ಪಿದ ತ್ರಿಪದಿಯನ್ನು ಕಂಡು ಜನಪದರಿಗೆ ಛಂದಸ್ಸಿನ ಹಂಗಿಲ್ಲ ಎಂದು ಬರೆದುಬಿಡುವ ಪ್ರಬಂಧಗಳು ಮೊದಲು ನೋಡಬೇಕಾದುದು ಆ ತಪ್ಪು ಹಾಡಿನದೋ ಅಚ್ಚಿನದೋ ಎಂಬುದನ್ನು.

ತಿದ್ದುವ ಕ್ರಿಯೆ ಜನಪದ ಪರಂಪರೆಗೆ ಹೊರಗಿನದೆಂದು ಭಾವಿಸುವುದು ಇನ್ನೊಂದು ಬಗೆಯ ಅತಿರೇಕ. ಭಜನಾ ಮೇಳದಲ್ಲಿ ತಿದ್ದುವಿಕೆ ನಿರಂತರ ನಡೆಯುತ್ತದೆ. ಹಿಮ್ಮೇಳದವರೊಬ್ಬರು ನುಡಿ ತಪ್ಪಿದರೆ ಮುಂದಾಳು ಹಾಡು ನಿಲ್ಲಿಸುವುದಿಲ್ಲ; ಅದೇ ನುಡಿಯನ್ನು ಸರಿಯಾಗಿ ಎತ್ತಿ ಇನ್ನೊಮ್ಮೆ ಹಾಡುತ್ತಾನೆ. ತಾಳ ತಪ್ಪುವುದಿಲ್ಲ, ತಪ್ಪಿದವನ ಮುಖ ಬಾಡುವುದಿಲ್ಲ, ಮುಂದಿನ ಸುತ್ತಿಗೆ ಅವನ ನಾಲಿಗೆ ತಾನಾಗಿ ಸರಿಹೋಗಿರುತ್ತದೆ. ಕಡಕೋಳ ಮಡಿವಾಳಪ್ಪನವರಿಂದ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಮುಂತಾದ ಶಿಷ್ಯರಿಗೆ ಹರಿದ ತತ್ವಪದಗಳ ಧಾರೆ ಹೆಚ್ಚಾಗಿ ಈ ಬಗೆಯ ಕಲಿಕೆಯಿಂದಲೇ ಬೆಳೆದಿದೆ. ತಿದ್ದುವವನೂ ತಿದ್ದಿಸಿಕೊಳ್ಳುವವನೂ ಒಂದೇ ಹಾಡಿನೊಳಗಿರುವುದು ಇದರ ವಿಶೇಷ. ಹೊರಗೆ ನಿಂತು ಮಾಡುವ ತಿದ್ದುಪಡಿಯಲ್ಲಿ ಮೊದಲು ಮಾತು ನಿಲ್ಲುತ್ತದೆ. ಹೇಳಿದ್ದೇನು ಎಂಬುದರ ಬದಲು ಹೇಳಿದ್ದು ಹೇಗೆ ಎಂಬುದು ಚರ್ಚೆಯ ವಿಷಯವಾಗುತ್ತದೆ.

‘ಕವಿರಾಜಮಾರ್ಗ’ಕ್ಕೆ ಈ ಭೇದ ತಿಳಿದಿತ್ತು ಎನ್ನಬೇಕು. ಓದು ಬರಹವಿಲ್ಲದೆಯೂ ಕಾವ್ಯದಲ್ಲಿ ನಿಪುಣರಾದ ಜನರನ್ನು ಹೊಗಳಿದ ಆ ಕೃತಿಯೇ, ಸಣ್ಣ ತಪ್ಪು ಕಂಡರೂ ಹಿಡಿದು ಹಳಿಯದೆ ಬಿಡದವರ ಪ್ರಸ್ತಾಪವನ್ನೂ ಮಾಡುತ್ತದೆ. ಕಣ್ಣು ತನ್ನ ಕಾಡಿಗೆಯನ್ನು ತಾನು ಕಾಣದು. ಹಾಗೆಯೇ ಕವಿ ತನ್ನ ದೋಷವನ್ನು ಕಾಣನಾದ್ದರಿಂದ ಬಲ್ಲವರಿಗೆ ಕೇಳಿಸಬೇಕು ಎಂಬುದು ಅದರ ಸಲಹೆ. ಇಲ್ಲಿ ತಿದ್ದುಪಡಿಯನ್ನು ಕೋರಿ ಹೋಗುವವನು ಕವಿ. ಜಾನಪದ ಸಂಪಾದನೆಯಲ್ಲಿ ಹಾಡಿದಾಕೆ ಯಾರನ್ನೂ ಕೋರಿರುವುದಿಲ್ಲ. ತನ್ನ ಹಾಡು ತಿದ್ದಲ್ಪಟ್ಟಿದೆ ಎಂಬುದೂ ಆಕೆಗೆ ಗೊತ್ತಿರುವುದಿಲ್ಲ. ಕೇಶಿರಾಜನ ನಿಲುವೂ ಇಲ್ಲಿ ಸ್ಮರಣೀಯ: ಅವನು ತನ್ನ ಹಿಂದಿನ ಕವಿಗಳ ಹೆಸರು ಹೇಳಿ ಅವರ ಪ್ರಯೋಗಗಳೇ ತನ್ನ ಲಕ್ಷ್ಯವೆಂದ. ಮೊದಲು ಪ್ರಯೋಗ, ಆಮೇಲೆ ಸೂತ್ರ. ಕೇಶಿರಾಜನ ಹೆಸರಿನಲ್ಲಿ ಸೂತ್ರ ಹಿಡಿದು ಪ್ರಯೋಗವನ್ನು ಕತ್ತರಿಸುವುದು ಅವನ ಕ್ರಮಕ್ಕೆ ವಿರುದ್ಧ. ಹೊಸಗನ್ನಡ ವ್ಯಾಕರಣಗಳು ಸಂಸ್ಕೃತದ ಚೌಕಟ್ಟಿಗೆ ಕನ್ನಡವನ್ನು ಹೊಂದಿಸಿವೆ ಎಂಬ ಡಿ.ಎನ್. ಶಂಕರಭಟ್ಟರ ಆಕ್ಷೇಪವನ್ನು ಒಪ್ಪದವರೂ ಅವರ ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರರು: ತಿದ್ದಲು ಹಿಡಿದ ಅಳತೆಗೋಲು ಯಾವ ಕನ್ನಡದ್ದು?

ಜನಪದ ಪಠ್ಯಗಳ ಪ್ರಕಟಣೆಯ ಚರಿತ್ರೆಯಲ್ಲಿ ಇದಕ್ಕೆ ಮಿಶ್ರ ಉತ್ತರಗಳಿವೆ. ಜೆ.ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಐತಿಹಾಸಿಕ ಲಾವಣಿಗಳನ್ನು ಪ್ರಕಟಿಸಿದಾಗ ಅನುವಾದದ ಜೊತೆಗೆ ಕನ್ನಡ ಪಠ್ಯವನ್ನೂ ಕೊಟ್ಟದ್ದರಿಂದ ಆಡುರೂಪಗಳನ್ನು ಪರಿಶೀಲಿಸುವ ಅವಕಾಶ ಇಂದಿಗೂ ಉಳಿದಿದೆ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ (1931) ಶಿಷ್ಟ ಓದುಗರನ್ನು ಮೊದಲ ಬಾರಿಗೆ ಆ ಭಾಗದ ಹೆಣ್ಣುಮಕ್ಕಳ ನುಡಿಗೆ ಕಿವಿಗೊಡುವಂತೆ ಮಾಡಿತು. 1955ರಲ್ಲಿ ಬಿ.ಎಸ್. ಗದ್ದಗಿಮಠರು ಜಾನಪದ ಗೀತೆಗಳ ಮೇಲೆ ಡಾಕ್ಟರೇಟ್ ಪಡೆದ ನಂತರ ಸಂಗ್ರಹಕಾರ್ಯ ವಿಶ್ವವಿದ್ಯಾಲಯಗಳ ಶಿಸ್ತಾಯಿತು. ಶಿಸ್ತು ಬಂದಂತೆ ಶುದ್ಧಿಯ ಆಸೆಯೂ ಬಂದಿತು. ಮುಂದಿನ ದಶಕಗಳ ಎಷ್ಟೋ ಸಂಕಲನಗಳಲ್ಲಿ ತಿದ್ದುಪಡಿಯ ಪ್ರಸ್ತಾಪವೇ ಇರುವುದಿಲ್ಲ. ಇದ್ದರೂ ಎಲ್ಲಿ, ಏನು ಎಂಬುದಿರುವುದಿಲ್ಲ. ಇದೇ ಅವಧಿಯಲ್ಲಿ ಕನ್ನಡದ ಗ್ರಂಥಸಂಪಾದನ ಶಾಸ್ತ್ರ ಎಷ್ಟು ಎತ್ತರಕ್ಕೆ ಬೆಳೆದಿತ್ತೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಡಿ.ಎಲ್. ನರಸಿಂಹಾಚಾರ್, ಎಂ.ಎಂ. ಕಲಬುರ್ಗಿ ಮೊದಲಾದವರು ಓಲೆಗರಿಯ ಲಿಪಿಕಾರ ತನ್ನ ಜಾಣತನದಿಂದ ಮೂಲವನ್ನು ಹೇಗೆ ‘ಸರಿಪಡಿಸಿ’ ಕೆಡಿಸುತ್ತಾನೆ ಎಂಬುದನ್ನು ಕಲಿಸಿದರು. ಪ್ರತಿಯೊಂದು ಪಾಠಾಂತರಕ್ಕೂ ಅಡಿಟಿಪ್ಪಣಿಯಲ್ಲಿ ಜಾಗ ಸಿಕ್ಕಿತು. ಓಲೆಗರಿಗೆ ಸಿಕ್ಕ ಈ ಮರ್ಯಾದೆ ನಾಲಿಗೆಗೆ ಸಿಗಲಿಲ್ಲ. ಲಿಪಿಕಾರನನ್ನು ಆಕ್ಷೇಪಿಸಿದ ವಿದ್ವತ್ ಪರಂಪರೆಯವರೇ ಹಾಡನ್ನು ಬರೆದುಕೊಳ್ಳುವಾಗ ಲಿಪಿಕಾರರಾದರು.

ಇದು ಕನ್ನಡಕ್ಕಷ್ಟೇ ಸೀಮಿತವಾದ ದೋಷವಲ್ಲ. ಜರ್ಮನಿಯ ಗ್ರಿಮ್ ಸಹೋದರರ ಕಥಾಸಂಗ್ರಹ 1812ರಿಂದ 1857ರವರೆಗೆ ಏಳು ಆವೃತ್ತಿಗಳನ್ನು ಕಂಡಿತು. ಪ್ರತಿ ಸಲವೂ ಭಾಷೆ ನಯವಾಗುತ್ತ ಹೇಳಿದವರಿಂದ ದೂರ ಸರಿಯಿತು. ಆವೃತ್ತಿಗಳು ಉಳಿದಿರುವುದರಿಂದ ಆ ದೂರವನ್ನು ಇಂದು ಅಳೆಯಬಹುದು. ಕರ್ನಾಟಕದಲ್ಲಿಯೇ ಇದಕ್ಕೆ ಪ್ರತಿಯಾದ ಮಾದರಿಯೂ ಇದೆ. ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಕಾವ್ಯವನ್ನು ಲೌರಿ ಹಾಂಕೊ ಮತ್ತು ಸಂಗಡಿಗರು 15,683 ಸಾಲುಗಳಲ್ಲಿ 1998ರಲ್ಲಿ ಪ್ರಕಟಿಸಿದರು. ಮಾತು ಪಠ್ಯವಾಗುವಾಗ ಏನೇನಾಗುತ್ತದೆ ಎಂಬುದಕ್ಕೇ ಪ್ರತ್ಯೇಕ ಸಂಪುಟವೊಂದನ್ನು ಮೀಸಲಿಟ್ಟರು. ಕಲಬುರಗಿ ಸೀಮೆಯ ಹಾಡುಗಳಿಗೆ ಅಂಥದೊಂದು ಸಂಪುಟ ಬರಬೇಕಾಗಿದೆ.

ಕ್ಷೇತ್ರಕಾರ್ಯದಲ್ಲಿ ತಿದ್ದುಪಡಿಯ ಪರಿಣಾಮ ಇನ್ನಷ್ಟು ನೇರ. ವಕ್ತೃವಿನ ಮಾತನ್ನು ಸಂದರ್ಶಕರು ಒಮ್ಮೆ ತಿದ್ದಿದರೆ ಸಾಕು, ಉತ್ತರಗಳು ಗಿಡ್ಡವಾಗುತ್ತವೆ. ಉದ್ದಕ್ಕೆ ಹೇಳುತ್ತಿದ್ದವರು ಹೌದು, ಇಲ್ಲಗಳಿಗೆ ಇಳಿಯುತ್ತಾರೆ. ಬಾಯಿಬಿಟ್ಟು ತಿದ್ದಬೇಕೆಂದೂ ಇಲ್ಲ. ವಕ್ತೃ ‘ಬ್ಯಾಸಗಿ’ ಎಂದದ್ದನ್ನು ಸಂದರ್ಶಕರು ಮುಂದಿನ ಪ್ರಶ್ನೆಯಲ್ಲಿ ‘ಬೇಸಿಗೆ’ ಎಂದರೆ ಅದೂ ತಿದ್ದುಪಡಿಯೇ. ಆಗ ಕೆಲವರು ಪುಸ್ತಕದ ಕನ್ನಡಕ್ಕೆ ಹೊರಳುತ್ತಾರೆ, ಇಲ್ಲದ ಕಡೆ ಮಹಾಪ್ರಾಣವನ್ನು ಸೇರಿಸುತ್ತಾರೆ. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ 1966ರಲ್ಲಿ ಪ್ರಕಟವಾದ ನ್ಯೂಯಾರ್ಕ್ ನಗರದ ಅಧ್ಯಯನದಲ್ಲಿ, ತಮ್ಮ ಮಾತಿನ ಬಗ್ಗೆ ಅಳುಕಿರುವವರು ಎಚ್ಚರದ ಗಳಿಗೆಯಲ್ಲಿ ಮೇಲಿನವರಿಗಿಂತಲೂ ಹೆಚ್ಚು ‘ಶುದ್ಧ’ವಾಗಿ ನುಡಿಯುವುದನ್ನು ತೋರಿಸಿದ್ದಾರೆ. ಅಂಥ ಗಳಿಗೆಯಲ್ಲಿ ಧ್ವನಿಮುದ್ರಣವಾದ ಮಾತು ಆಕರವಲ್ಲ, ಅಂಜಿಕೆಯ ದಾಖಲೆ. ಇನ್ನು ಬರಹಕ್ಕಿಳಿಸುವಾಗ ಮೊದಲು ಹೊರಟುಹೋಗುವವು ಸಂಬೋಧನೆಗಳು. ವಯಸ್ಸಾದ ಹಾಡುಗಾರ್ತಿ ಎದುರಿಗೆ ಕುಳಿತ ಕಿರಿಯ ಸಂಶೋಧಕನನ್ನು ‘ಯಪ್ಪಾ’ ಎಂದೂ ಸಂಶೋಧಕಿಯನ್ನು ‘ಯವ್ವಾ’ ಎಂದೂ ಕರೆಯುತ್ತಾಳೆ. ಅಕ್ಷರಶಃ ಅಪ್ಪ, ಅವ್ವ. ಬಳಕೆಯಲ್ಲಿ ಮಕ್ಕಳನ್ನು ಅಕ್ಕರೆಯಿಂದ ಕರೆಯುವ ಮಾತು. ಕಥೆಯ ನಡುನಡುವೆ ಬರುವ ಈ ಕರೆಗಳನ್ನು ಅನಾವಶ್ಯಕವೆಂದು ಕತ್ತರಿಸುತ್ತಾರೆ. ಆ ಕಥೆಯನ್ನು ಯಾರು ಯಾರಿಗೆ ಯಾವ ಸಲುಗೆಯಲ್ಲಿ ಹೇಳಿದರು ಎಂಬುದು ಅವುಗಳಲ್ಲಿಯೇ ಇರುತ್ತದೆ.

ಇದರ ಎದುರು ಪಕ್ಷದಲ್ಲಿಯೂ ದೋಷಗಳಿವೆ. ಆಡುಮಾತಿನ ಮೇಲಿನ ಅಭಿಮಾನದಿಂದ ಕೆಲವರು ಪ್ರತಿ ತೊದಲನ್ನೂ ಕೆಮ್ಮನ್ನೂ ಅಚ್ಚಿಗಿಳಿಸುತ್ತಾರೆ; ಪದಪದಕ್ಕೂ ಲೋಪಚಿಹ್ನೆ ಹಾಕಿ ಇದು ಯಾವುದೋ ಪೂರ್ಣರೂಪದ ಮುರಿದ ತುಂಡು ಎಂಬ ಭಾವನೆಯನ್ನೇ ಬಲಪಡಿಸುತ್ತಾರೆ. ಹಾಡಿದವರೇ ಇದು ತಪ್ಪಿತು, ಹೀಗೆ ಬರಕೋ ಎಂದಾಗಲೂ ತಪ್ಪನ್ನೇ ‘ಸಹಜ’ವೆಂದು ಉಳಿಸುವುದು ಗೌರವವಲ್ಲ. ತಹಸೀಲ ಕಚೇರಿಗೆ ಅರ್ಜಿ ಕೊಡಬೇಕಾದ ಹೆಣ್ಣುಮಗಳಿಗೆ ಕಚೇರಿಯ ಕನ್ನಡ ಬೇಕು. ಆಕೆ ಕೇಳಿ ಪಡೆಯುವ ತಿದ್ದುಪಡಿ ಆಕೆಯ ಹಕ್ಕು. ಪ್ರಮಾಣ ಭಾಷೆಯನ್ನು ಕಲಿಸುವ ಶಾಲೆಯನ್ನು ಇದಕ್ಕಾಗಿ ಹಳಿಯಬೇಕಿಲ್ಲ. ಗೀತಾ ನಾಗಭೂಷಣರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಕಲಬುರಗಿಯ ಆಡುಮಾತಿಗೆ ರಾಷ್ಟ್ರಮಟ್ಟದ ಮನ್ನಣೆ ದೊರೆಯಿತೆಂದು ಹಲವರು ಸಂತೋಷಪಟ್ಟರು. ಆ ಸಂತೋಷ ನ್ಯಾಯವಾದುದೇ. ಆದರೆ ಅದು ತನ್ನ ಭಾಷೆಯನ್ನು ತಾನೇ ಆಯ್ದುಕೊಂಡ ಲೇಖಕಿಯ ಗೆಲುವು. ಹಾಡುಗಾರ್ತಿಗೆ ಆ ಆಯ್ಕೆಯನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.

ಸದ್ಯಕ್ಕೆ ಆಗಬೇಕಾದ ಕೆಲಸ ದೊಡ್ಡ ಸಿದ್ಧಾಂತದ್ದಲ್ಲ. ಈಗಾಗಲೇ ಅಚ್ಚಾಗಿರುವ ಸಂಗ್ರಹಗಳ ಮೂಲ ಧ್ವನಿಸುರುಳಿಗಳೂ ಕ್ಷೇತ್ರಟಿಪ್ಪಣಿಗಳೂ ಎಲ್ಲೆಲ್ಲಿ ಉಳಿದಿವೆಯೋ ಅಲ್ಲೆಲ್ಲ ಅವನ್ನು ಅಚ್ಚಿನ ಪಠ್ಯದೊಡನೆ ಹೋಲಿಸಿ, ತಿದ್ದಿದ ಜಾಗಗಳನ್ನು ಗುರುತಿಸಬೇಕು. ಹೊಸ ಸಂಪಾದನೆಗಳಲ್ಲಿ ಹಾಡಿದ ರೂಪ ಮೇಲೆ, ಸಂಪಾದಕರ ಸೂಚನೆ ಕೆಳಗೆ ಬರಬೇಕು. ಇಂದು ಇರುವುದು ಇದಕ್ಕೆ ತಲೆಕೆಳಗಾದ ಕ್ರಮ. ಭಜನಾ ಮೇಳಗಳ ಹಿರಿಯರ ಬಳಿ ಇರುವ ಕೈಬರಹದ ಪದಗಳ ವಹಿಗಳ ಕಡೆಗೆ ಹೆಚ್ಚಿನ ಗಮನ ಬೇಕು. ಕಮಲಾಪುರ, ಮಹಾಗಾಂವ, ಜೇವರ್ಗಿ ಸೀಮೆಗಳಲ್ಲಿ ಅಷ್ಟಿಷ್ಟು ಓದಿದವರು ಕಿವಿಗೆ ಬಿದ್ದಂತೆ ಬರೆದಿಟ್ಟ ಇಂಥ ವಹಿಗಳಲ್ಲಿ ‘ಬಂದಾನ’ ಬಂದಾನವಾಗಿಯೇ ಇರುತ್ತದೆ. ಹ್ರಸ್ವ ದೀರ್ಘಗಳ ಏರುಪೇರು ಎಷ್ಟೋ ಕಡೆ ಹಾಡಿನ ಎಳೆತವನ್ನೇ ತೋರುತ್ತಿರುತ್ತದೆ. ಆ ವಹಿಗಳನ್ನು ಮೇಳದ ಶಾಲೆ ಕಲಿತ ಹುಡುಗರು ಹೊಸ ನೋಟುಬುಕ್ಕಿಗೆ ‘ಶುದ್ಧಪ್ರತಿ’ ಮಾಡಿ ಹಳೆಯದನ್ನು ರದ್ದಿಗೆ ಹಾಕುವ ಮುನ್ನ ಅವುಗಳ ಛಾಯಾಪ್ರತಿಯಾದರೂ ಆಗಬೇಕು.